ಎಪ್ಪತ್ತು ನಿಮಿಷ ಬಾಕಿ: ಶ್ರೀಮತಿ ಎನಿಡ್ ಹೆಪ್‌ವರ್ತ್ ಅವರ ಹಾಸಿಗೆ ಪಾಠ

ರೋಗಿಯ ಕಿವಿಗೆ ಹಾಡು ಮುಟ್ಟಿಸುವ ಸೇವೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನಡೆದುಬಂದಿದೆ. ನೆಲಮಾಳಿಗೆಯಲ್ಲೊಂದು ಕೋಣೆ, ಎರಡು ಮೈಕು, ಗೋಡೆಯೊಳಗೆ ಹಾಯಿಸಿದ ತಂತಿ, ಪ್ರತಿ ಮಂಚದ ತಲೆದೆಸೆಯಲ್ಲಿ ತೂಗುವ ಒಂದು ಹೆಡ್‌ಫೋನು, ಸಂಬಳ ಕೇಳದ ಹತ್ತಿಪ್ಪತ್ತು ಸ್ವಯಂಸೇವಕರು, ಇಷ್ಟು ಕೂಡಿದರೆ ಆಸ್ಪತ್ರೆ ರೇಡಿಯೊ ಆಯಿತೆಂದು ಎಲ್ಲರೂ ನಂಬಿದ್ದ ಕಾಲವೊಂದಿತ್ತು. ಹಾಗಲ್ಲ, ಮೈಕಿನ ಮುಂದೆ ಕೂರಬಯಸುವವನಿಗೆ ಮೊದಲು ಮಂಚದ ಮೇಲೆ ಮಲಗಲು ಬರಬೇಕು ಎಂಬುದನ್ನು ಯಾರ್ಕ್‌ಷೈರಿನ ನಮ್ಮ ಪುಟ್ಟ ಸ್ಕೆಲ್ಡರ್‌ಬೈ ಆಸ್ಪತ್ರೆಯಿಂದ ಸಾರಿ, ಮೂವತ್ತಮೂರು ವರ್ಷ ಹಿಡಿದ ಪಟ್ಟು ಬಿಡದೆ ಸಾಧಿಸಿ ತೋರಿಸಿದವರು ನಮ್ಮ ರೇಡಿಯೊದ ತರಬೇತಿ ಮುಖ್ಯಸ್ಥೆ ಶ್ರೀಮತಿ ಎನಿಡ್ ಹೆಪ್‌ವರ್ತ್ ಅವರು. ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಅವರ ಕೈಕೆಳಗೆ ಕಲಿತವರು ಮುನ್ನೂರ ಹನ್ನೆರಡು ಮಂದಿ. ಅವರ ಸಹಿಯುಳ್ಳ ಪ್ರಮಾಣಪತ್ರ ಪಡೆದವರು ಮುನ್ನೂರ ಹನ್ನೊಂದು ಮಂದಿ. ಉಳಿದವನು ನಾನು, ರೇಮಂಡ್ ಥ್ವೇಟ್, ಕಳೆದ ಒಂಬತ್ತು ವರ್ಷಗಳಿಂದ ಇದೇ ರೇಡಿಯೊದ ಅಧ್ಯಕ್ಷ. ಅಧ್ಯಕ್ಷನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಎಲ್ಲರ ಪ್ರಮಾಣಪತ್ರಗಳನ್ನೂ ಚೌಕಟ್ಟು ಹಾಕಿ ತೂಗಿಬಿಟ್ಟಿದ್ದಾರೆ. ನನ್ನದಿರಬೇಕಾದ ಕಡೆ ಒಂದು ಮೊಳೆ ಮಾತ್ರ ಇದೆ. ಈ ಅಭಿನಂದನ ಸಂಪುಟದ ಸಂಪಾದಕರು ನನ್ನಿಂದ ಲೇಖನ ಕೇಳುವಾಗ ಆ ವಿಷಯ ಮಾತ್ರ ಎತ್ತಬೇಡಿ ಎಂದು ಬಹಳ ವಿನಯದಿಂದ ಹೇಳಿದರು. ಎತ್ತದೆ ಬರೆಯುವುದು ನನ್ನಿಂದಾಗದು, ಓದುಗರು ಕ್ಷಮಿಸಬೇಕು.

ಶ್ರೀಮತಿ ಹೆಪ್‌ವರ್ತ್ ಅವರು ಈ ಆಸ್ಪತ್ರೆಗೆ ಬಂದದ್ದು ಹದಿನೆಂಟರ ಹರೆಯದಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೆ. ಯಾವ ವಾರ್ಡಿನ ಹೊದಿಕೆ ಎಷ್ಟು ಬೇಗ ಹರಿಯುತ್ತದೆ, ಯಾವ ವೈದ್ಯರ ಕೋಟಿನ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇರುತ್ತದೆ, ಇವೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಲಾಂಡ್ರಿಯ ಮೆಟ್ಟಿಲು ಜಾರಿ ತೊಡೆಯ ಮೂಳೆ ಮುರಿದುಕೊಂಡು, ತಾವೇ ಒಗೆದಿದ್ದ ಹೊದಿಕೆಯ ಕೆಳಗೆ, ಕಾಲಿಗೆ ತೂಕ ಕಟ್ಟಿಸಿಕೊಂಡು ಹನ್ನೊಂದು ವಾರ ಮಲಗಬೇಕಾಯಿತು. ಆ ಹನ್ನೊಂದು ವಾರ ಅವರು ನಮ್ಮ ರೇಡಿಯೊ ಕೇಳಿದರು. ಕೇಳಿ, ಎದ್ದು, ಊರುಗೋಲು ಹಿಡಿದು ನೇರವಾಗಿ ಸ್ಟುಡಿಯೊಗೆ ಇಳಿದುಬಂದು, ಆಗಿನ ಅಧ್ಯಕ್ಷರ ಎದುರು ನಿಂತು ಹೇಳಿದ ಮಾತು ನಮ್ಮ ಸಭೆಯ ನಡಾವಳಿ ಪುಸ್ತಕದಲ್ಲಿ ಇದ್ದ ಹಾಗೇ ದಾಖಲಾಗಿದೆ: "ನಿಮ್ಮ ಹುಡುಗರು ದಿನಾ ಬೆಳಿಗ್ಗೆ 'ಎದ್ದು ಕುಣೀರಿ' ಅಂತಾರೆ. ನನ್ನ ಕಾಲು ಸೂರಿಗೆ ಕಟ್ಟಿತ್ತು. ಅವರಿಗೆ ಯಾರಾದ್ರೂ ಸ್ವಲ್ಪ ಬುದ್ಧಿ ಕಲಿಸ್ಬಾರ್ದಾ?"

ಕಲಿಸುವ ಕೆಲಸವನ್ನು ಅಧ್ಯಕ್ಷರು ಅವರಿಗೇ ಒಪ್ಪಿಸಲು ನಾಲ್ಕು ವರ್ಷ ಹಿಡಿಯಿತು. ತೊಂಬತ್ತರಲ್ಲಿ ಆರಂಭವಾದ ಅವರ ತರಬೇತಿ ಹನ್ನೆರಡು ವಾರಗಳದ್ದು. ಮೊದಲು ಕೋರಿಕೆ ಕಾರ್ಡು ಹಿಡಿದು ವಾರ್ಡುಗಳಲ್ಲಿ ಸುತ್ತಿ, ಯಾರಿಗೆ ಯಾವ ಹಾಡು ಬೇಕೆಂದು ಬರೆದುಕೊಂಡು ಬರಬೇಕು. ಮಂಚದ ಮೇಲೆ ಕೂರಕೂಡದು, ಏನಾಯಿತೆಂದು ಕೇಳಕೂಡದು, ಹಾಡು ಬೇಡವೆಂದವರ ಬಳಿಯೂ ಮಳೆ ಬಿಸಿಲಿನ ಮಾತನ್ನಾದರೂ ಆಡಿ ಬರಬೇಕು. ಅನಂತರ ಹಾಸಿಗೆ ಪಾಠ. ಬೆನ್ನ ಹಿಂದೆ ದಾರ ಕಟ್ಟುವ ಆಸ್ಪತ್ರೆಯ ಗೌನು ತೊಟ್ಟು, ಗಡಿಯಾರ ಬಿಚ್ಚಿಟ್ಟು, ವಾರ್ಡಿನ ಖಾಲಿ ಮಂಚವೊಂದರಲ್ಲಿ ಹೆಡ್‌ಫೋನು ಹಾಕಿಕೊಂಡು ಎರಡು ಗಂಟೆಯ ಕೋರಿಕೆ ಕಾರ್ಯಕ್ರಮವನ್ನು ತುಟಿ ಪಿಟಕ್ಕೆನ್ನದೆ ಕೇಳಬೇಕು. ಕೇಳಿದ್ದರ ವರದಿಯನ್ನು ಬರೆದು ಒಪ್ಪಿಸಬೇಕು. ಅದರಲ್ಲಿ ಗೆದ್ದವನಿಗೆ ಮಾತ್ರ ಮೈಕು.

ನನ್ನ ವೃತ್ತಿ ದನದ ಮಾರುಕಟ್ಟೆಯ ಹರಾಜು. ಇಪ್ಪತ್ತು ವರ್ಷ ಮೈಕಿಲ್ಲದೆ ಮುನ್ನೂರು ರೈತರಿಗೆ ಕೇಳಿಸುವಂತೆ ಕೂಗಿದ ಕಂಠ ನನ್ನದು. ತೊಂಬತ್ತೆಂಟರ ಜನವರಿಯಲ್ಲಿ, ಇಂಥ ಕಂಠ ರೋಗಿಗಳಿಗೆ ಸಿಗದೆ ವ್ಯರ್ಥವಾಗುತ್ತಿದೆಯಲ್ಲ ಎಂಬ ಪರೋಪಕಾರ ಬುದ್ಧಿಯಿಂದ ನಾನು ಸ್ಟುಡಿಯೊದ ಬಾಗಿಲು ತಟ್ಟಿದೆ. ಒಳಗೆ ಉಣ್ಣೆಯ ಅಂಗಿ ತೊಟ್ಟ ಕುಳ್ಳಗಿನ ಹೆಂಗಸೊಬ್ಬರು ಟೀ ಕುಡಿಯುತ್ತ ಕುಳಿತಿದ್ದರು. ಸ್ಕೆಲ್ಡರ್‌ಬೈಗೆ ಇಂದು ಸುದಿನವೆಂಬ ಅರ್ಥದ ನಾಲ್ಕು ಮಾತು ಆಡಿದೆ. ಅವರು ಬಟ್ಟಲು ಕೆಳಗಿಟ್ಟರು.

"ಧ್ವನಿ ಚೆನ್ನಾಗಿದೆ ಕಣಪ್ಪಾ," ಎಂದರು. "ಅದನ್ನ ಆಚೆ ಕೊಡೆ ಜೊತೆ ಇಟ್ಬಿಟ್ಟು ಒಳಗ್ ಬಾ."

ಕೋರಿಕೆ ಕಾರ್ಡು ಹಿಡಿದು ಹೋದ ಮೊದಲ ದಿನವೇ ನಾನು ಒಬ್ಬ ಮುದುಕರನ್ನು ಏನಾಯಿತು ನಿಮಗೆ ಎಂದು ಕೇಳಿಬಿಟ್ಟೆ. ಅವರು ಐವತ್ತೈದು ನಿಮಿಷ ಹೇಳಿದರು, ಕೊನೆಯಲ್ಲಿ ತೋರಿಸಿದರು ಕೂಡ. ಆಗಬಾರದ ಆ ದರ್ಶನ ಮುಗಿಸಿ ಕಂಗೆಟ್ಟು ಹೊರಬಂದ ನನ್ನನ್ನು ಶ್ರೀಮತಿ ಹೆಪ್‌ವರ್ತ್ ಕೂರಿಸಿ, ಸಕ್ಕರೆ ಹೆಚ್ಚು ಹಾಕಿದ ಟೀ ಕೊಟ್ಟು, ಒಂದು ಮಾತೂ ಬೈಯದೆ ಹಾಡಿನ ಹೆಸರು ಬರೆದುಕೊಂಡೆಯಾ ಎಂದಷ್ಟೇ ವಿಚಾರಿಸಿದರು. ನಾನು ಬರೆದುಕೊಂಡಿರಲಿಲ್ಲ. ಮತ್ತೆ ಹೋಗಿ ಕೇಳಿಕೊಂಡು ಬರಲು ಕಳಿಸಿದರು.

ಮೊದಲ ಹಾಸಿಗೆ ಪಾಠದಲ್ಲಿ ನಾನು ಹನ್ನೆರಡನೆಯ ನಿಮಿಷಕ್ಕೇ ಸೋತೆ. ಅಂದಿನ ನಿರೂಪಕ ಗಂಟೆಯನ್ನು ತಪ್ಪಾಗಿ ಹೇಳಿದ. ನಾನು ಮಲಗಿದಲ್ಲಿಂದಲೇ, ಅವನಿಗೆ ಕೇಳಿಸಲೆಂಬಂತೆ, ತಿದ್ದಿದೆ. ವಾರ್ಡಿನಲ್ಲಿ ನಿದ್ದೆ ಹೋಗಿದ್ದ ಏಳು ಮಂದಿ ಎದ್ದು ಕುಳಿತರು.

"ರೋಗಿ ಗೋಡೆ ಜೊತೆ ವಾದ ಮಾಡಲ್ಲ ರೇಮಂಡ್," ಎಂದರು ಶ್ರೀಮತಿ ಹೆಪ್‌ವರ್ತ್. "ಇನ್ನು ನಾಕು ವಾರ ಕಾರ್ಡ್ ಹಿಡ್ಕೊಂಡು ಓಡಾಡು. ಆಮೇಲೆ ಇನ್ನೊಂದೇ ಒಂದ್ಸಲ. ಆಗ ಏನೇ ಆಗ್ಲಿ, ಆಕಾಶವೇ ಕಳಚಿ ಬೀಳ್ಲಿ, ಎರಡು ಗಂಟೆ ಬಾಯಿ ಬಿಡ್ಕೂಡ್ದು. ಬಿಟ್ಯೋ, ನೀನುಂಟು ನಿನ್ನ ದನ ಉಂಟು."

ಹೀಗೆ ಮಾರ್ಚ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡಕ್ಕೆ ಎರಡು ನಿಮಿಷವಿರುವಾಗ, ಏಳನೆಯ ವಾರ್ಡಿನ ಆರನೆಯ ಹಾಸಿಗೆಯಲ್ಲಿ ನಾನು ಗೌನು ತೊಟ್ಟು ಮಲಗಿದೆ. ನನ್ನನ್ನು ಮಲಗಿಸಿ ಅವರು ಕೆಳಗೆ ಸ್ಟುಡಿಯೊಗೆ ಇಳಿದರು. ಹೆಡ್‌ಫೋನು ಕಿವಿಗಿಟ್ಟರೆ ಅದು ಸತ್ತಿತ್ತು. ತಟ್ಟಿದೆ, ಜಗ್ಗಿದೆ, ಊದಿದೆ, ಉಸಿರೇ ಇಲ್ಲ. ಪಕ್ಕದ ಐದನೆಯ ಹಾಸಿಗೆ ಖಾಲಿ ಇತ್ತು, ಅದರ ಹೆಡ್‌ಫೋನಿನಿಂದ ಕಾರ್ಯಕ್ರಮದ ಆರಂಭದ ಸಂಗೀತ ಸಣ್ಣಗೆ ಕೇಳುತ್ತಿತ್ತು. ಬೇರೆ ಯಾವ ಮನುಷ್ಯನೇ ಆಗಲಿ ಆಸ್ಪತ್ರೆಯಲ್ಲಿ ಮಂಚದ ಸಂಖ್ಯೆ ನೋಡಿ ಮಲಗುತ್ತಾನೆ; ರೇಡಿಯೊದ ಹುಚ್ಚು ಹತ್ತಿದವನು ಮಾತ್ರ ಹೆಡ್‌ಫೋನು ನೋಡಿ ಮಲಗುತ್ತಾನೆ. ನಾನು ಐದಕ್ಕೆ ಜಾರಿದೆ.

ಐವತ್ತು ನಿಮಿಷ ಬಂಗಾರದಂತೆ ಕಳೆಯಿತು. ಆಗ ನೀಲಿ ಅಂಗಿಯ ಅಟೆಂಡರ್ ಲೆನ್ನಿ ಬಂದು, ಮಂಚದ ಚಕ್ರಗಳ ಬ್ರೇಕು ಸಡಿಲಿಸಿ, "ಮಿಸ್ಟರ್ ಸಗ್ಡನ್, ಹೊರಡೋಣ್ವಾ?" ಎಂದ. ಹೆಡ್‌ಫೋನು ಕಿವಿಯಿಂದ ಕಳಚಿಕೊಂಡಿತು. ನನಗೆ ಒಳಗೊಳಗೇ ನಗು. ಬಾಯಿ ಬಿಡಿಸುವುದಕ್ಕಾಗಿ ಶ್ರೀಮತಿ ಹೆಪ್‌ವರ್ತ್ ಸುಳ್ಳು ಹೆಸರೊಂದನ್ನು ಕೊಟ್ಟು ಆಳನ್ನು ಕಳಿಸಿದ್ದಾರೆ, ಪರೀಕ್ಷೆಯೆಂದರೆ ಇದಪ್ಪಾ ಎಂದುಕೊಂಡೆ. ತುಟಿ ಬಿಗಿದು ಮುಗುಳ್ನಕ್ಕೆ. ಲೆನ್ನಿ ತಳ್ಳಿಕೊಂಡು ಹೊರಟ.

ಉದ್ದನೆಯ ಓಣಿ ದಾಟಿದೆವು, ಲಿಫ್ಟಿನಲ್ಲಿ ಏರಿದೆವು. "ಭಯ ಪಡ್ಬೇಡಿ ಸಾರ್, ಈ ಹರ್ನಿಯಾ ಎಲ್ಲಾ ಈಗ ಏನೂ ಅಲ್ಲ, ನಮ್ಮ ಚಿಕ್ಕಪ್ಪ ಮಾಡಿಸ್ಕೊಂಡು ಮಾರನೇ ವಾರ ಫುಟ್‌ಬಾಲ್ ನೋಡೋಕ್ ಹೋದ್ರು," ಎಂದು ಲೆನ್ನಿ ದಾರಿಯುದ್ದಕ್ಕೂ ಧೈರ್ಯ ಹೇಳಿದ. ಎಷ್ಟು ಚೆನ್ನಾಗಿ ಪಾಠ ಒಪ್ಪಿಸುತ್ತಿದ್ದಾನೆಂದು ಮೆಚ್ಚಿಕೊಂಡೆ. ಒಂದು ಕೋಣೆಯಲ್ಲಿ ನರ್ಸೊಬ್ಬಳು ಸೋಪಿನ ನೊರೆ ಕಲಸಿ, "ಸ್ವಲ್ಪ ತಣ್ಣಗಿರುತ್ತೆ," ಎಂದು ಗೌನು ಸರಿಸಿ, ಕ್ಷೌರದ ಕತ್ತಿ ಹಿಡಿದಳು. ಇಷ್ಟು ದೂರ ಹೋಗಬಾರದಿತ್ತು, ಶ್ರೀಮತಿ ಹೆಪ್‌ವರ್ತ್ ಅತಿ ಮಾಡಿದರು ಎಂದು ಆ ಕ್ಷಣ ಅನ್ನಿಸಿದ್ದು ನಿಜ. ಆದರೆ 'ನೀನುಂಟು ನಿನ್ನ ದನ ಉಂಟು' ಎಂಬ ಎಚ್ಚರಿಕೆ ನೆನಪಾಯಿತು, ಸೂರು ನೋಡುತ್ತ ಮಲಗಿದೆ. ಹೊಕ್ಕುಳಿಂದ ಕೆಳಗೆ ಎಲ್ಲವೂ ಮಗುವಿನಂತೆ ನುಣುಪಾಯಿತು.

ಆಮೇಲೆ ಬಂದವರು ಅರಿವಳಿಕೆ ವೈದ್ಯರು. "ನಿಮ್ಮ ಪೂರ್ತಿ ಹೆಸರು ಹೇಳಿ," ಎಂದರು. ನಾನು ತುಟಿ ಒತ್ತಿದೆ. "ಹುಟ್ಟಿದ ದಿನ?" ಕಣ್ಣು ಮುಚ್ಚಿದೆ. ಅವರು ನನ್ನ ಮಣಿಕಟ್ಟಿನಲ್ಲಿ ಹೆಸರಿನ ಪಟ್ಟಿ ಹುಡುಕಿ, ಕಾಣದೆ, ಹುಬ್ಬು ಗಂಟಿಕ್ಕಿದರು. ಬಲು ಜಾಗರೂಕ ಮನುಷ್ಯರು ಅವರು, ಸಿರಿಂಜಿಗೆ ಕೈ ಹಾಕಲಿಲ್ಲ. "ಈ ಮನುಷ್ಯ ಯಾರು? ಏಳನೇ ವಾರ್ಡಿಗೆ ಫೋನ್ ಮಾಡಿ ಮೊದ್ಲು," ಎಂದರು. ಫೋನು ಎಂಗೇಜ್.

ಇತ್ತ ಏಳನೆಯ ವಾರ್ಡಿನಲ್ಲಿ ಶ್ರೀಮತಿ ಹೆಪ್‌ವರ್ತ್ ಹೇಳದೆ ಕೇಳದೆ ತಪಾಸಣೆಗೆ ಬಂದಿದ್ದರು. ಐದನೆಯ ಮಂಚವೇ ಇಲ್ಲ. ಆರನೆಯದರ ಅಂಚಿನಲ್ಲಿ ಸಣಕಲು ಮುದುಕರೊಬ್ಬರು ಹಂದಿಮಾಂಸದ ಪೈ ತಿನ್ನುತ್ತ ಕುಳಿತಿದ್ದಾರೆ. ಅವರೇ ನಿಜವಾದ ಸಗ್ಡನ್. ಬೆಳಗಿನಿಂದ ಉಪವಾಸವಿರಬೇಕಿದ್ದವರು, ತಡೆಯಲಾರದೆ ಮೆಲ್ಲನೆ ಕೆಳಗಿನ ಅಂಗಡಿಗೆ ಹೋಗಿಬಂದಿದ್ದರು.

"ಇಲ್ಲೊಬ್ರು ಮಲಗಿದ್ರಲ್ಲ, ದಪ್ಪಗೆ, ಎಲ್ಲಿ?"

"ಕರ್ಕೊಂಡು ಹೋದ್ರು ಕಣಮ್ಮ," ಎಂದರು ಸಗ್ಡನ್, ಬಾಯಿ ಒರೆಸಿಕೊಂಡು. "ನನ್ನ ಬದ್ಲು ಹೋಗಿರ್ಬೇಕು ಪಾಪ. ಎಂಥಾ ದೊಡ್ಡ ಮನಸ್ಸು."

ಆಪರೇಷನ್ ಥಿಯೇಟರು ಆಸ್ಪತ್ರೆಯ ಇನ್ನೊಂದು ತುದಿ. ಮುರಿದು ಕೂಡಿದ ಕಾಲಿನಲ್ಲಿ ಅಷ್ಟು ದೂರ ಓಡುವ ಹಾಗಿಲ್ಲ. ಸ್ಟುಡಿಯೊ ಮಾತ್ರ ಏಳನೆಯ ವಾರ್ಡಿನ ನೇರ ಕೆಳಗೇ ಇದೆ. ಥಿಯೇಟರಿನ ಪಕ್ಕದ ಕೋಣೆಯಲ್ಲಿ ನಮ್ಮ ಕೋರಿಕೆ ಕಾರ್ಯಕ್ರಮವನ್ನು ಸದಾ ಹಾಕಿಟ್ಟಿರುತ್ತಾರೆಂಬುದು ಲಾಂಡ್ರಿಯಲ್ಲಿ ದುಡಿದ ಅವರಿಗೆ ಗೊತ್ತಿತ್ತು. ಅಲ್ಲಿಯವರೆಗೆ ಒಮ್ಮೆಯೂ ಮೈಕು ಮುಟ್ಟದಿದ್ದ ಅವರು ಮೆಟ್ಟಿಲಿಳಿದು, ನಿರೂಪಕನನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿ, ಹಾಡನ್ನು ನಡುವೆಯೇ ನಿಲ್ಲಿಸಿದರು. ನಾನು ಬರಿಮೈಯಲ್ಲಿ ನಡುಗುತ್ತ ಮಲಗಿದ್ದಾಗ ಬಾಗಿಲಾಚೆಯ ಸ್ಪೀಕರಿನಿಂದ ಆ ಧ್ವನಿ ಬಂತು.

"ಥಿಯೇಟರ್ನೋರು ಸ್ವಲ್ಪ ಕೇಳಿಸ್ಕೊಳ್ಳಿ. ನಿಮ್ಮತ್ರ ಇರೋ ದಪ್ಪ ಮನುಷ್ಯನಿಗೆ ಹರ್ನಿಯಾ ಇಲ್ಲ. ಅವ್ನಿಗೆ ಏನೂ ಕಾಯಿಲೆ ಇಲ್ಲ, ಟ್ರೈನಿಂಗ್‌ನಲ್ಲಿದಾನೆ ಅಷ್ಟೆ. ಅವ್ನು ನಮ್ಮೋನು. ಹಾಗೇ ವಾಪಸ್ ಕಳ್ಸಿ, ಏನೂ ತೆಗೀಬೇಡಿ. ರೇಮಂಡ್, ಈಗ ಮಾತಾಡ್ಬೋದು."

ನಾನು ಮಾತಾಡಿದೆ. ಆ ಓಣಿಯವರು ಇಂದಿಗೂ ಅದನ್ನು ನೆನೆಯುತ್ತಾರೆ. ಹನ್ನೆರಡು ವಾರ್ಡುಗಳೂ ಹೊಟ್ಟೆ ಹಿಡಿದು ನಕ್ಕವು. ಮೂರನೆಯದರಲ್ಲಿ ಒಬ್ಬರ ಹೊಲಿಗೆ ಬಿಟ್ಟುಕೊಂಡಿತೆಂದು ಹೇಳುತ್ತಾರೆ, ಅದಕ್ಕೆ ದಾಖಲೆಯಿಲ್ಲ. ಮರುದಿನದ ಕೋರಿಕೆ ಕಾರ್ಡುಗಳಲ್ಲಿ ನಲವತ್ಮೂರು ಮಂದಿ ಹಾಡಿನ ಹೆಸರು ಬರೆಯದೆ 'ಆ ಹೆಂಗಸನ್ನು ಮತ್ತೆ ಮಾತಾಡಿಸಿ' ಎಂದು ಬರೆದಿದ್ದರು.

ನಗು ಅಲ್ಲಿಗೇ ನಿಂತಿತು. ಮುಂದಿನ ಸೋಮವಾರ ಆಸ್ಪತ್ರೆಯ ಆಡಳಿತಾಧಿಕಾರಿ ಶ್ರೀ ಪಾಮ್‌ಫ್ರೆಟ್ ಅವರ ಕೋಣೆಯಲ್ಲಿ ವಿಚಾರಣೆ. ಒಂದು ಕಡೆ ಲೆನ್ನಿ, ಮುಖ ಬಿಳುಚಿಕೊಂಡು. ತಪ್ಪು ಮನುಷ್ಯನನ್ನು ತಳ್ಳಿಕೊಂಡು ಹೋದನೆಂದು ಅವನ ಕೆಲಸ ಹೋಗುವುದು ಖಚಿತವಾಗಿತ್ತು. ಇನ್ನೊಂದು ಕಡೆ ಶ್ರೀಮತಿ ಹೆಪ್‌ವರ್ತ್, ಕೈಚೀಲವನ್ನು ಮಡಿಲಲ್ಲಿ ಬಿಗಿಹಿಡಿದು. ರೇಡಿಯೊದ ತರಬೇತಿ ಇಂದಿಗೆ ಮುಚ್ಚಬೇಕು, ಇದನ್ನು ಕಟ್ಟಿದವರು ಇನ್ನು ವಾರ್ಡುಗಳಿಗೆ ಕಾಲಿಡಕೂಡದು ಎಂಬ ಆದೇಶ ಟೈಪಾಗಿ ಮೇಜಿನ ಮೇಲಿತ್ತು; ಸಹಿ ಮಾತ್ರ ಬಾಕಿ.

"ಈ ಮನುಷ್ಯ ಒಂದೇ ಒಂದು ಮಾತು ಯಾಕೆ ಆಡ್ಲಿಲ್ಲ?" ಎಂದು ಕೇಳಿದರು ಪಾಮ್‌ಫ್ರೆಟ್.

"ನಾನು ಆಡ್ಬೇಡ ಅಂದಿದ್ದೆ. ತಪ್ಪು ನಂದೇ," ಎಂದರು ಶ್ರೀಮತಿ ಹೆಪ್‌ವರ್ತ್. ನನ್ನ ಕಡೆ ಕಣ್ಣು ಹಾಯಿಸಿ, "ಅವ್ನು ಹುಟ್ಟಿದ್ಮೇಲೆ ಯಾರ ಮಾತಾದ್ರೂ ಕೇಳಿದ್ದು ಅದೊಂದೇ ಸಲ ಸಾರ್. ಅದು ಆವತ್ತೇ ಆಗ್ಬೇಕಾ," ಎಂದರು.

ಪಾಮ್‌ಫ್ರೆಟ್ ಪೆನ್ನು ತೆಗೆದರು. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಹಾಸಿಗೆ ಬದಲಿಸಿದ್ದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ನಾನು ಅನ್ಯಾಯಕ್ಕೊಳಗಾದ ಗೌರವಸ್ಥನಾಗಿ ಮನೆಗೆ ಹೋಗಬಹುದಿತ್ತು. ಬಾಯಿ ಬಿಟ್ಟರೆ? ಇಪ್ಪತ್ತು ವರ್ಷ ಒಂದು ಹಸುವಿನ ಸಂಖ್ಯೆಯನ್ನೂ ತಪ್ಪು ಕೂಗದ ಹರಾಜುದಾರ ತಾನೇ ತಪ್ಪು ಸಂಖ್ಯೆಯಲ್ಲಿ ಮಲಗಿದ್ದನೆಂದು ಮಾರುಕಟ್ಟೆಗೆಲ್ಲ ಗೊತ್ತಾಗುತ್ತದೆ. ಎರಡು ಕಡೆಯೂ ನೋಡಿದೆ, ಲೆನ್ನಿಯ ಮುಖ ನೋಡಿದೆ, ಆ ಮುಷ್ಟಿಯಲ್ಲಿ ಹಿಡಿದ ಕೈಚೀಲ ನೋಡಿದೆ. ಎದ್ದು ನಿಂತೆ.

"ಲೆನ್ನಿ ತಪ್ಪು ಮಾಡ್ಲಿಲ್ಲ ಸಾರ್. ಐದನೇದು ತಾ ಅಂದ್ರು, ಐದನೇದನ್ನೇ ತಂದ. ಅದರಲ್ಲಿ ನಾನಿದ್ದೆ. ನಂಗೆ ಕೊಟ್ಟಿದ್ದು ಆರು."

"ಐದಕ್ಕೆ ಯಾಕ್ರೀ ಹೋದ್ರಿ?"

"ಆರರ ಹೆಡ್‌ಫೋನ್ ಕೆಟ್ಟಿತ್ತು."

ಶ್ರೀಮತಿ ಹೆಪ್‌ವರ್ತ್ ಕೈಚೀಲ ತೆರೆದು ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಏಳನೆಯ ವಾರ್ಡಿನ ಆರನೆಯ ಹಾಸಿಗೆಯ ಹೆಡ್‌ಫೋನು ರಿಪೇರಿ ಮಾಡಿಸಿಕೊಡಬೇಕೆಂದು ಎರಡು ವರ್ಷಗಳಲ್ಲಿ ಅವರು ಇದೇ ಕಚೇರಿಗೆ ಬರೆದ ಪತ್ರಗಳ ಪ್ರತಿಗಳು, ಹನ್ನೊಂದು. ಕೊನೆಯದಕ್ಕೆ ರಿಪೇರಿಯಾಯಿತೆಂದು ಕಚೇರಿ ಫೋನಿನಲ್ಲಿ ತಿಳಿಸಿದ್ದನ್ನು ನಂಬಿಯೇ ಅವರು ನನ್ನನ್ನು ಅಲ್ಲಿ ಮಲಗಿಸಿದ್ದರು. ಪಾಮ್‌ಫ್ರೆಟ್ ಹನ್ನೊಂದನ್ನೂ ಓದಿದರು, ಏಕೆಂದರೆ ಬೇರೆ ಎಲ್ಲಿ ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಮುಚ್ಚೋದಾದ್ರೆ ಮುಚ್ಚಿ ಸಾರ್," ಎಂದರು ಶ್ರೀಮತಿ ಹೆಪ್‌ವರ್ತ್. "ಅದಕ್ಕೆ ಮುಂಚೆ ನೀವೊಂದ್ಸಲ ಎರಡು ಗಂಟೆ ಮಲಗಿ. ಆರನೇದ್ರಲ್ಲೇ. ಗೌನ್ ನಾನೇ ಇಸ್ತ್ರಿ ಮಾಡಿ ತಂದ್ಕೊಡ್ತೀನಿ."

ಅವರು ಮಲಗಿದರೆಂಬುದನ್ನು ನಾನು ಗೌರವದಿಂದ ದಾಖಲಿಸುತ್ತೇನೆ. ಕಿವಿಯಲ್ಲಿ ಸತ್ತ ಹೆಡ್‌ಫೋನು, ಮೈಮೇಲೆ ದಾರದ ಗೌನು, ಎರಡು ಗಂಟೆ. ನಾಲ್ಕು ಮಂದಿ ಬಂದು ಕಾಲ ಬಳಿಯ ಫಲಕ ಓದಿ, ಮುಖ ನೋಡದೆ ಹೋದರಂತೆ. ಐದನೆಯವರು ತಟ್ಟೆಯಲ್ಲಿದ್ದ ಬಿಸ್ಕತ್ತು ಎತ್ತಿಕೊಂಡರಂತೆ. ಎದ್ದು ಬಂದವರು ಆದೇಶವನ್ನು ಎರಡಾಗಿ ಹರಿದರು. ಹನ್ನೊಂದು ಪತ್ರಗಳಿಗೆ ಅಲುಗಾಡದ ಆ ಹೆಡ್‌ಫೋನು ಮರುದಿನವೇ ರಿಪೇರಿಯಾಯಿತು. ವಾರ್ಡಿನ ಮಂಚ ಇನ್ನು ಬೇಡವೆಂದು ಉಗ್ರಾಣದ ಹಳೆಯ ಮಂಚವೊಂದನ್ನು ಸ್ಟುಡಿಯೊದ ಪಕ್ಕದ ಕೋಣೆಗೆ ಹಾಕಿಸಿ, ನಮ್ಮ ಸ್ವಯಂಸೇವಕರಷ್ಟೇ ಅಲ್ಲ, ಹೊಸದಾಗಿ ಸೇರುವ ಅಟೆಂಡರುಗಳೂ ಶ್ರೀಮತಿ ಹೆಪ್‌ವರ್ತ್ ಅವರ ಹಾಸಿಗೆ ಪಾಠ ಮುಗಿಸಿಯೇ ಕೆಲಸಕ್ಕೆ ಇಳಿಯಬೇಕೆಂದು ನಿಯಮ ಮಾಡಿದರು. ಮೊದಲು ಮಲಗಿದವನು ಲೆನ್ನಿ.

ಮಾರುಕಟ್ಟೆಯಲ್ಲಿ ನಾನು ಹೆದರಿದ್ದೇ ಆಯಿತು. ನಾನು ಕಟ್ಟೆ ಹತ್ತಿದರೆ ಸಾಕು, ಯಾರಾದರೊಬ್ಬ "ರೇಮಂಡ್, ಇವತ್ತು ನಿನ್ನ ನಂಬರ್ ಎಷ್ಟಪ್ಪಾ?" ಎಂದು ಕೂಗುವನು, ಕ್ಷೌರದ ಸಂಗತಿ ಹೇಗೆ ಹೊರಬಿತ್ತೋ, ಕುರಿ ಉಣ್ಣೆ ಕತ್ತರಿಸುವ ಕಾಲದಲ್ಲಂತೂ ತಲೆಯೆತ್ತುವ ಹಾಗಿರಲಿಲ್ಲ. ಇದು ಅವರ ಕಿವಿಗೆ ಬಿತ್ತು. ಮುಂದಿನ ಆರು ಗುರುವಾರ ಶ್ರೀಮತಿ ಹೆಪ್‌ವರ್ತ್ ಲಾಂಡ್ರಿಯ ಏಪ್ರನ್ನಿನಲ್ಲೇ ಬಂದು ಮಾರುಕಟ್ಟೆಯ ಮುಂದಿನ ಸಾಲಿನಲ್ಲಿ ಕುಳಿತು, ಹಲ್ಲುಬಿಟ್ಟವರ ಕಡೆ ತಿರುಗಿ ಸುಮ್ಮನೆ ನೋಡುತ್ತಿದ್ದರು. ದನ ಕೊಳ್ಳುವುದು ಅವರ ಉದ್ದೇಶವಾಗಿರಲಿಲ್ಲ. ಆರನೆಯ ವಾರಕ್ಕೆ ಎಲ್ಲರ ಬಾಯಿ ಮುಚ್ಚಿತು.

ಅವರ ದಯೆ ಬಹುಮಟ್ಟಿಗೆ ಹೀಗೆ ಸದ್ದಿಲ್ಲದ್ದು. ಗಂಡನನ್ನು ಕಳೆದುಕೊಂಡು ಬಂದ ಹೇಜಲ್ ರಿಗ್ ಎಂಬ ಹೆಣ್ಣುಮಗಳು ಮೈಕು ಕಂಡರೆ ಅಳುತ್ತಿದ್ದಳು. ಅವಳನ್ನು ಒಂದು ವರ್ಷ ಹಾಡಿನ ತಟ್ಟೆಗಳನ್ನು ಅಕಾರಾದಿಯಾಗಿ ಜೋಡಿಸಲು ಕೂರಿಸಿದರು. ಜೋಡಿಸಿ ಮುಗಿಯುತ್ತಲೇ, ಅವಳು ಮನೆಗೆ ಹೋದ ಮೇಲೆ ತಾವೇ ನಾಲ್ಕಾರು ಕಪಾಟು ಕೆದರಿಡುತ್ತಿದ್ದರು. ಒಂದು ದಿನ ಹೇಜಲ್ ತಾನಾಗಿ ಇನ್ನು ಸಾಕು, ಮೈಕು ಕೊಡಿ ಎಂದಳು. ಇಂದು ತರಬೇತಿಯ ಹೊಣೆ ಹೊರುತ್ತಿರುವವರು ಅದೇ ಹೇಜಲ್. ಸಾಂಕ್ರಾಮಿಕದ ಎರಡು ವರ್ಷ ಆಸ್ಪತ್ರೆಯ ಬಾಗಿಲು ನಮಗೆ ಮುಚ್ಚಿದ್ದಾಗಲೂ ಶ್ರೀಮತಿ ಹೆಪ್‌ವರ್ತ್ ಕಲಿಯುವವರನ್ನು ಅವರವರ ಮನೆಯ ಮಂಚದಲ್ಲೇ ಮಲಗಿಸಿ, ಫೋನಿನಲ್ಲಿ ಪಾಠ ನಡೆಸಿದರು. ಹೆಂಡತಿ ಟೀ ತಂದರೆ ಅನುತ್ತೀರ್ಣ.

ತಾವು ಮಾತ್ರ ಮತ್ತೆ ಮೈಕಿನ ಮುಂದೆ ಕೂರಲಿಲ್ಲ. ಆ ನಲವತ್ಮೂರು ಕಾರ್ಡುಗಳನ್ನು ನಾನೇ ಕೊಂಡೊಯ್ದು ತೋರಿಸಿದ್ದೆ. "ಕಲಿಸೋರೇ ಮಾತಾಡ್ತಾ ಕೂತ್ರೆ ಕಲಿಯೋರಿಗೆ ಜಾಗ ಎಲ್ಲಿ," ಎಂದು ಡ್ರಾಯರಿಗೆ ಹಾಕಿದರು.

ಇನ್ನು ನನ್ನ ಪ್ರಮಾಣಪತ್ರ. ವಿಚಾರಣೆ ಮುಗಿದ ವಾರವೇ ಕೇಳಿದೆ.

"ನೀನು ಕೇಳಿದ್ದು ಐವತ್ತು ನಿಮಿಷ. ಎಪ್ಪತ್ತು ಬಾಕಿ. ವರದಿನೂ ಬಾಕಿ," ಎಂದರು.

"ನಾನು ಹಾಸಿಗೆ ಬಿಡ್ಲಿಲ್ವಲ್ಲಾ! ಹಾಸಿಗೇನೇ ವಾರ್ಡ್ ಬಿಟ್ಟು ಹೋಯ್ತು."

"ಮಲಗಿದ್ದಲ್ಲ ಲೆಕ್ಕ ರೇಮಂಡ್, ಕೇಳಿದ್ದು ಲೆಕ್ಕ."

ನಿಯಮ ಬದಿಗಿಟ್ಟು ಮೈಕು ಕೊಟ್ಟರು, ಕಾರ್ಯಕ್ರಮ ಕೊಟ್ಟರು, ಕಾಲಕ್ರಮದಲ್ಲಿ ಅಧ್ಯಕ್ಷನನ್ನಾಗಿಯೂ ಮಾಡಿದರು. ಆ ಕಾಗದ ಮಾತ್ರ ಕೊಡಲಿಲ್ಲ. ಎಪ್ಪತ್ತು ನಿಮಿಷ ಮಲಗಿ ಎದ್ದಿದ್ದರೆ ಮುಗಿದುಹೋಗುತ್ತಿತ್ತು. ಮೈಯೆಲ್ಲ ಬೋಳಿಸಿಕೊಂಡವನು ಮತ್ತೆ ಪರೀಕ್ಷೆ ಬರೆಯುವುದೇ ಎಂಬ ಹಠ ನನ್ನದು. ಅವರೂ ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ. ಇಪ್ಪತ್ತೈದು ವರ್ಷ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ನಾನು ಕೇಳುವುದು, ಅವರು ಎಪ್ಪತ್ತು ಎನ್ನುವುದು, ಉಳಿದವರು ಚಪ್ಪಾಳೆ ತಟ್ಟುವುದು ನಡೆದೇ ಇತ್ತು.

ಕಳೆದ ತಿಂಗಳು, ಅವರು ಕಲಿಸುವ ಕೊನೆಯ ಮಂಗಳವಾರ, ಬೆಳಿಗ್ಗೆ ಎದ್ದಾಗಿನಿಂದ ನನಗೆ ಯಾವುದರಲ್ಲೂ ಮನಸ್ಸಿಲ್ಲ. ಮುಂದಿನ ಕ್ರಿಸ್‌ಮಸ್ಸಿನಲ್ಲಿ ಯಾರನ್ನು ಕೇಳಲಿ? ಮಧ್ಯಾಹ್ನ ಮನೆಯೊಳಗೆ ಮೆಟ್ಟುವ ಮೆತ್ತನೆಯ ಚಪ್ಪಲಿಗಳನ್ನು ಕಂಕುಳಲ್ಲಿಟ್ಟುಕೊಂಡು ತರಬೇತಿ ಕೋಣೆಗೆ ಹೋದೆ. "ಆ ಎಪ್ಪತ್ತು ನಿಮಿಷ ಮುಗಿಸೋಣ ಅಂತ ಬಂದೆ," ಎಂದೆ. ಅವರು ಆಶ್ಚರ್ಯಪಡಲಿಲ್ಲ, ಗಡಿಯಾರ ನೋಡಿದರು. "ಗೌನ್ ಅಲ್ಲಿದೆ. ಹಿಂದುಗಡೆ ದಾರ ಸರಿಯಾಗಿ ಕಟ್ಕೋ, ನೋಡೋ ವಯಸ್ಸಲ್ಲ ನಂದು," ಎಂದರು.

ಆ ಹಳೆಯ ಮಂಚದಲ್ಲಿ ಮಲಗಿದೆ. ಅದರ ತಂತಿ ಪಕ್ಕದ ಅಭ್ಯಾಸದ ಮೈಕಿಗೆ ಮಾತ್ರ ಸೇರಿದೆ, ಬೇರೆ ಯಾರಿಗೂ ಕೇಳದು. ಒಂದು ಗಂಟೆ ಹಾಡುಗಳು ಬಂದವು, ಒಂದರ ಹಿಂದೊಂದು, ನಡುವೆ ಮಾತಿಲ್ಲ. ಆಮೇಲೆ ಹಾಡು ನಿಂತು, ಯಾರೋ ಕೆಮ್ಮಿದ ಸದ್ದಾಗಿ, ಇಪ್ಪತ್ತೈದು ವರ್ಷದ ಹಿಂದೆ ನನ್ನ ಜೀವ ಉಳಿಸಿದ ಆ ಧ್ವನಿ ಕೇಳಿಸಿತು.

"ರೇಮಂಡ್, ಬಾಯಿ ಬಿಡ್ಬೇಡ. ಇನ್ನೂ ಹತ್ತು ನಿಮಿಷ ಇದೆ. ಇದನ್ನ ಎದುರಿಗೆ ಹೇಳೋಕ್ ಹೋದ್ರೆ ನೀನು ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಇಷ್ಟು ವರ್ಷ ಹೇಳ್ಲಿಲ್ಲ. ಆವತ್ತು ಪಾಮ್‌ಫ್ರೆಟ್ ಸಾಹೇಬ್ರ ರೂಮಲ್ಲಿ ನನ್ನ ಚೀಲದಲ್ಲಿ ಹನ್ನೆರಡು ಕಾಗದ ಇತ್ತು. ಹನ್ನೆರಡನೇದು ರಾಜೀನಾಮೆ. ಮನೇಲೇ ಬರ್ಕೊಂಡು ಬಂದಿದ್ದೆ. ಬಟ್ಟೆ ಒಗೆಯೋಳ ಮಾತು ಯಾರು ಕೇಳ್ತಾರೆ, ಹೆಡ್‌ಫೋನ್ ವಿಷ್ಯ ತೆಗೆದ್ರೂ ನೆಪ ಹೇಳ್ತಾಳೆ ಅಂತಾರೆ ಅಂತ ಕೈ ಅದರ ಮೇಲೇ ಇತ್ತು. ಆಗ ನೀನು ಎದ್ದೆ. ನಗೆಪಾಟಲಾಗ್ತೀನಿ ಅಂತ ಗೊತ್ತಿದ್ದೂ ಎದ್ದೆ. ನಿನ್ನಾದ್ಮೇಲೆ ಇಲ್ಲಿ ಕಲಿತ ಅಷ್ಟೂ ಜನ ನೀನು ಎದ್ದಿದ್ರಿಂದ ಬಂದ್ರು. ಲೆನ್ನಿ ಮಕ್ಕಳು ಅದರಿಂದ ಓದಿದ್ರು. ನಂಗೆ ಸಂತೋಷ ಆಯ್ತು ಕಣಪ್ಪಾ. ತುಂಬಾ ಸಂತೋಷ ಆಯ್ತು. ನಿನ್ನಷ್ಟು ತಲೆ ತಿಂದೋರು ಇನ್ನೊಬ್ರಿಲ್ಲ, ನಿನ್ನಷ್ಟು ಇಷ್ಟ ಆದೋರೂ ಇಲ್ಲ."

ಮತ್ತೆ ಒಂದು ಹಾಡು ಬಂತು. ನಾನು ಸೂರು ನೋಡುತ್ತ ಮಲಗಿದ್ದೆ, ಕಣ್ಣೀರು ಎರಡೂ ಕಿವಿಗೆ ಇಳಿದು ಹೆಡ್‌ಫೋನು ಒದ್ದೆಯಾಯಿತು. ಒರೆಸಿಕೊಳ್ಳುವುದಕ್ಕೂ ಹೆದರಿದೆ. ಹಾಡು ಮುಗಿಯಿತು.

"ಎಪ್ಪತ್ತು ಆಯ್ತು. ರೇಮಂಡ್, ಈಗ ಮಾತಾಡ್ಬೋದು."

ಮುನ್ನೂರು ರೈತರಿಗೆ ಕೇಳಿಸುವ ಆ ಕಂಠದಿಂದ ಒಂದು ಅಕ್ಷರ ಹೊರಡಲಿಲ್ಲ. ಅವರು ಬಾಗಿಲಲ್ಲಿ ಇಣುಕಿ, ನನ್ನನ್ನು ನೋಡಿ, ಟೀ ಇಡಲು ಹೋದರು. ಬಟ್ಟೆ ಬದಲಿಸಿ ಹೊರಡುವಾಗ ಪ್ರಮಾಣಪತ್ರಕ್ಕೆ ಕೈ ಚಾಚಿದೆ. "ವರದಿ?" ಎಂದರು.

ಆದ್ದರಿಂದ ಈ ಸಂಪುಟದ ಸಂಪಾದಕರಲ್ಲಿ ನಾನು ಕ್ಷಮೆ ಕೇಳಬೇಕಾಗಿದೆ. ಅಭಿನಂದನ ಲೇಖನವೆಂದು ನಂಬಿ ಅವರು ಅಚ್ಚು ಹಾಕಿರುವ ಈ ಪುಟಗಳು ನನ್ನ ಹಾಸಿಗೆ ಪಾಠದ ವರದಿ. ಇಪ್ಪತ್ತೈದು ವರ್ಷ ತಡವಾಗಿ, ತರಬೇತಿ ಮುಖ್ಯಸ್ಥರ ಪರಿಶೀಲನೆಗೆ ಸಲ್ಲಿಸಲಾಗಿದೆ. ಶ್ರೀಮತಿ ಹೆಪ್‌ವರ್ತ್ ಅವರು ಆಯುರಾರೋಗ್ಯದಿಂದ ನೂರು ದಾಟಿ ಬಾಳಲಿ. ಹೇಜಲ್ ಅವರ ತರಗತಿಯ ಬಾಗಿಲಲ್ಲಿ ಮಂಗಳವಾರ ಮಂಗಳವಾರ ಇಣುಕಿ ತಪ್ಪು ಹುಡುಕುತ್ತಿರಲಿ. ಮಲಗಬೇಕಾಗಿ ಬಂದರೆ ಅವರಿಗೆ ಹೆಡ್‌ಫೋನು ಸರಿಯಿರುವ ಹಾಸಿಗೆಯೇ ಸಿಗಲಿ. ಗೋಡೆಯ ಮೊಳೆಗೆ ಹಿಡಿದಿದ್ದ ತುಕ್ಕನ್ನು ನಾನೇ ಉಜ್ಜಿ ತೆಗೆದಿದ್ದೇನೆ.

ವರದಿಯ ಕೊನೆಯಲ್ಲಿ, ಕಲಿತವನು ಏನು ಕೇಳಿದನೆಂಬುದನ್ನು ಒಂದೇ ಮಾತಿನಲ್ಲಿ ಬರೆಯಬೇಕೆಂಬುದು ಅವರ ನಿಯಮ. ಆ ದಿನ ಗಂಟಲಲ್ಲಿ ಉಳಿದುಹೋದ ಉತ್ತರವೂ ಅದೇ ಆಗಿರುವುದರಿಂದ ಇಲ್ಲಿ ಬರೆಯುತ್ತೇನೆ. ಮಿಸೆಸ್ ಹೆಪ್‌ವರ್ತ್, ನೀವು ಹೇಳಿದ್ದು ಅಷ್ಟೂ ನನಗೆ ಕೇಳಿಸಿತು.